ಡಬ್ಬದ ಮೇಲೆ 144, ಪರದೆ ಮೇಲೆ 60

ನಮ್ಮ ಹಾಸ್ಟೆಲ್‌ನಲ್ಲಿ ಲ್ಯಾಪ್‌ಟಾಪ್ ಪಕ್ಕ ಇನ್ನೊಂದು ಮಾನಿಟರ್ ಇಟ್ಕೊಳ್ಳೋದು ಈಗ ಮಾಮೂಲಿ. ಕೆಲವರಿಗೆ ಗೇಮ್, ಕೆಲವರಿಗೆ ಕೋಡಿಂಗ್, ಇನ್ನು ಕೆಲವರಿಗೆ ಪಕ್ಕದ ರೂಮಿನವನ ಹತ್ರ ಇದೆ ಅನ್ನೋದೇ ಕಾರಣ. ಡಬ್ಬದ ಮೇಲೆ 144 ಹರ್ಟ್ಜ್, 165 ಹರ್ಟ್ಜ್, 180 ಹರ್ಟ್ಜ್ ಅಂತ ದಪ್ಪ ಅಕ್ಷರದಲ್ಲಿ ಬರೆದಿರ್ತಾರೆ. ಆದರೆ ಆ ಮಾನಿಟರ್ ಹಚ್ಚಿ, ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ಅಂತ ಒಳಗೆ ಹೋಗಿ ನೋಡಿದ್ರೆ ಎಷ್ಟೋ ರೂಮುಗಳಲ್ಲಿ ಕಾಣೋ ಸಂಖ್ಯೆ 60. ದುಡ್ಡು ಕೊಟ್ಟಿದ್ದು 144ಕ್ಕೆ, ದಿನಾ ನೋಡ್ತಿರೋದು 60ನ್ನ. ಆರು ತಿಂಗಳಾದ್ರೂ ಗೊತ್ತಾಗದೇ ಇದ್ದವರೂ ನಮ್ಮ ವಿಂಗ್‌ನಲ್ಲಿದ್ದಾರೆ.

ಇದನ್ನ ನೋಡಿ ನಗೋದು ಸುಲಭ. "ಎಂಜಿನಿಯರಿಂಗ್ ಓದ್ತಾನೆ, ಒಂದು ಸೆಟ್ಟಿಂಗ್ ನೋಡೋಕೆ ಬರಲ್ವಾ" ಅಂತ. ನನ್ನ ಅಭಿಪ್ರಾಯ ಬೇರೆ. ಇದರಲ್ಲಿ ಹುಡುಗರ ತಪ್ಪಿಗಿಂತ ಮಾರೋರ ತಪ್ಪು ಜಾಸ್ತಿ. ಲ್ಯಾಪ್‌ಟಾಪ್‌ನ ಯಾವ ಪೋರ್ಟ್‌ನಿಂದ ಎಷ್ಟು ರೆಸಲ್ಯೂಶನ್, ಎಷ್ಟು ಹರ್ಟ್ಜ್ ಹೊರಗೆ ಬರುತ್ತೆ ಅನ್ನೋದನ್ನ ಕಂಪನಿಗಳು ಕೊಳ್ಳೋ ಮೊದಲೇ ಕಣ್ಣಿಗೆ ಕಾಣೋ ಹಾಗೆ ಬರೆಯಬೇಕು. ಅವರು ಬರೆಯೋ ತನಕ ಆ ಲೆಕ್ಕವನ್ನ ನಾವೇ ಮಾಡಿ, ಕನ್ನಡದಲ್ಲಿ ಹೇಳಬೇಕು. ಯಾಕೆ ಕನ್ನಡದಲ್ಲಿ ಅಂತ ಆಮೇಲೆ ಬರ್ತೀನಿ.

ಮೊದಲು ಲೆಕ್ಕ. ಹೆದರಬೇಡಿ, ಎಮ್ 3ಗಿಂತ ಸುಲಭ ಇದೆ.

ಫುಲ್ ಎಚ್‌ಡಿ ಪರದೆಯಲ್ಲಿ 1920 ಗುಣಿಸು 1080, ಅಂದ್ರೆ 20,73,600 ಪಿಕ್ಸೆಲ್. ಒಂದೊಂದು ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ ತಲಾ 8 ಬಿಟ್, ಒಟ್ಟು 24 ಬಿಟ್. ಅಂದ್ರೆ ಒಂದು ಫ್ರೇಮ್‌ಗೆ ಹತ್ತಿರ ಹತ್ತಿರ 5 ಕೋಟಿ ಬಿಟ್. ಸೆಕೆಂಡಿಗೆ 60 ಫ್ರೇಮ್ ಕಳಿಸೋಕೆ ಸುಮಾರು 3 ಗಿಗಾಬಿಟ್ ಬೇಕು. 144 ಫ್ರೇಮ್ ಕಳಿಸೋಕೆ ಸುಮಾರು 7.2 ಗಿಗಾಬಿಟ್. 2560×1440 ಪರದೆ ಆದ್ರೆ 144ಕ್ಕೆ 12.7, 165ಕ್ಕೆ 14.6. 4ಕೆ ಪರದೆ ಆದ್ರೆ 60ಕ್ಕೇ ಸುಮಾರು 12, 144ಕ್ಕೆ 28.7. ಫ್ರೇಮ್‌ಗಳ ನಡುವಿನ ಖಾಲಿ ಸಮಯ ಸೇರಿಸಿದ್ರೆ ಎಲ್ಲದರ ಮೇಲೂ ಇನ್ನೊಂಚೂರು ಏರುತ್ತೆ.

ಈಗ ದಾರಿ ಎಷ್ಟು ಅಗಲ ಇದೆ ನೋಡೋಣ. ಎಚ್‌ಡಿಎಂಐ 1.4ರ ಸ್ಪೀಡ್ 10.2 ಗಿಗಾಬಿಟ್, 2.0ದ್ದು 18 ಅಂತ ಹೇಳ್ತಾರೆ. ಆದ್ರೆ ಇವುಗಳಲ್ಲಿ ಪ್ರತಿ 8 ಬಿಟ್ ಡೇಟಾವನ್ನ 10 ಬಿಟ್ ಮಾಡಿ ಕಳಿಸ್ತಾರೆ. ಹಾಗಾಗಿ ಚಿತ್ರಕ್ಕೆ ಸಿಗೋದು 8.16 ಮತ್ತು 14.4 ಮಾತ್ರ. ಡಿಸ್‌ಪ್ಲೇಪೋರ್ಟ್ 1.2ರಲ್ಲಿ 17.28, 1.4ರಲ್ಲಿ 25.92 ಸಿಗುತ್ತೆ.

ಎರಡೂ ಸಾಲು ಪಕ್ಕ ಪಕ್ಕ ಇಟ್ಟು ನೋಡಿ. 1440ಪಿ, 165 ಹರ್ಟ್ಜ್ ಮಾನಿಟರ್‌ಗೆ 14.6 ಬೇಕು, ಎಚ್‌ಡಿಎಂಐ 2.0ದಲ್ಲಿ ಇರೋದು 14.4. ಅದಕ್ಕೇ ಅದು 144ಕ್ಕೆ ನಿಂತುಬಿಡುತ್ತೆ. ಮಾನಿಟರ್ ಕೆಟ್ಟಿಲ್ಲ, ಲ್ಯಾಪ್‌ಟಾಪ್ ಕೆಟ್ಟಿಲ್ಲ, ದಾರಿ ಸಾಲದು ಅಷ್ಟೇ. 1080ಪಿ 144 ಹರ್ಟ್ಜ್ ಎಚ್‌ಡಿಎಂಐ 1.4ರ ಅಂಚಿಗೆ ಬಂದು ಕೂರುತ್ತೆ. ಕೆಲವು ಸೆಟ್‌ಗಳಲ್ಲಿ ಬರುತ್ತೆ, ಕೆಲವು 120ಕ್ಕೇ ನಿಲ್ಲೋದೂ ಉಂಟು. 4ಕೆ 144 ಹರ್ಟ್ಜ್ ಡಿಸ್‌ಪ್ಲೇಪೋರ್ಟ್ 1.4ರಲ್ಲೂ ನೇರವಾಗಿ ಹಿಡಿಸಲ್ಲ, ಡಿಎಸ್‌ಸಿ ಅನ್ನೋ ಕಂಪ್ರೆಶನ್ ಬೇಕು, ಅದು ಎರಡೂ ಕಡೆ ಇರಬೇಕು.

ನಮ್ಮೂರು ಬೇಲೆಕೇರಿ. ಕಾರವಾರ, ಅಂಕೋಲಾ ನಡುವೆ ಎನ್‌ಎಚ್ 66ರಿಂದ ಸಮುದ್ರದ ಕಡೆ ಇಳಿದ್ರೆ ಸಿಗುತ್ತೆ. ಬಂದರು ಊರಿನವನಾಗಿ ಒಂದು ಮಾತು ಹೇಳಬಹುದು: ಬಂದರಿನ ಹೆಸರು ಕೇಳಿ ಯಾರೂ ಹಡಗು ತರಲ್ಲ, ಆಳ ಎಷ್ಟು ಅಂತ ಕೇಳಿ ತರ್ತಾರೆ. ಆಳ ಸಾಲದೇ ಇದ್ರೆ ದೊಡ್ಡ ಹಡಗು ಹೊರಗೆ ನಿಂತುಕೊಳ್ಳುತ್ತೆ, ಸರಕು ಬಾರ್ಜ್‌ನಲ್ಲಿ ಸ್ವಲ್ಪ ಸ್ವಲ್ಪವಾಗಿ ಹೋಗಬೇಕು. ಲ್ಯಾಪ್‌ಟಾಪ್ ಕೊಳ್ಳುವಾಗ ಮಾತ್ರ ನಮಗೆ ಬಂದರಿನ ಹೆಸರಷ್ಟೇ ಹೇಳ್ತಾರೆ. "ಒಂದು ಎಚ್‌ಡಿಎಂಐ, ಎರಡು ಟೈಪ್ ಸಿ." ಆಳ ಎಷ್ಟು? ಅದನ್ನ ಸ್ಪೆಸಿಫಿಕೇಶನ್ ಪಟ್ಟಿಯ ಕೆಳಗೆ, ಚಿಕ್ಕ ಅಕ್ಷರದಲ್ಲಿ, ಬರೆದ್ರೆ ಬರೆದರು.

ಎಚ್‌ಡಿಎಂಐ 2.1 ಅಂತ ಬರೆದಿದ್ರೂ ನೆಮ್ಮದಿ ಇಲ್ಲ. ಆ ಸ್ಟ್ಯಾಂಡರ್ಡ್‌ನ ಗರಿಷ್ಠ ಸ್ಪೀಡ್ 48 ಗಿಗಾಬಿಟ್. ಆದ್ರೆ ಅದರ ಹೊಸ ಸೌಲಭ್ಯಗಳೆಲ್ಲಾ ಐಚ್ಛಿಕ. ಅಂದ್ರೆ 2.0ದಷ್ಟೇ ಕೆಲಸ ಮಾಡೋ ಪೋರ್ಟ್‌ಗೂ 2.1 ಅಂತ ಹೆಸರಿಡೋಕೆ ನಿಯಮದಲ್ಲೇ ಜಾಗ ಇದೆ. 2021ರ ಕೊನೆಯಲ್ಲಿ ಇದು ಸುದ್ದಿಯಾದಾಗ ಜಗತ್ತಿನಾದ್ಯಂತ ಟೆಕ್ ಮಂದಿ ಬೈದರು, ಆದರೂ ಹೆಸರಿನ ಗೊಂದಲ ಹಾಗೇ ಇದೆ. ಕೇಬಲ್‌ನದ್ದು ಇನ್ನೊಂದು ಕಥೆ. ಅಂಗಡಿಯಲ್ಲಿ "2.1 ಕೇಬಲ್" ಅಂತ ಕೊಡ್ತಾರೆ, ಆದ್ರೆ ಕೇಬಲ್‌ಗಳಿಗೆ ಅಧಿಕೃತವಾಗಿ ಇರೋದು ವರ್ಷನ್ ಅಲ್ಲ, ಸ್ಪೀಡ್ ಹೆಸರು. ಹೈ ಸ್ಪೀಡ್ ಅಂದ್ರೆ 10.2, ಪ್ರೀಮಿಯಂ ಹೈ ಸ್ಪೀಡ್ ಅಂದ್ರೆ 18, ಅಲ್ಟ್ರಾ ಹೈ ಸ್ಪೀಡ್ ಅಂದ್ರೆ 48. ಕೊಳ್ಳುವಾಗ ಈ ಹೆಸರು ನೋಡಿ.

ಟೈಪ್ ಸಿ ಇದಕ್ಕಿಂತ ಮೋಸದ್ದು. ಹಳೇ ವಿಜಿಎ ನೆನಪಿಸಿಕೊಳ್ಳಿ, ನಮ್ಮ ಸೆಮಿನಾರ್ ಹಾಲ್ ಪ್ರೊಜೆಕ್ಟರ್‌ನಲ್ಲಿ ಇನ್ನೂ ನೇತಾಡ್ತಿದೆಯಲ್ಲ, ಆ ನೀಲಿ ಬಾಯಿ. 1987ರದ್ದು. ನೋಡೋಕೆ ಚೆಂದ ಇಲ್ಲ, ಸ್ಕ್ರೂ ಬೇರೆ ತಿರುಗಿಸಬೇಕು. ಆದರೆ ಅದು ಸುಳ್ಳು ಹೇಳ್ತಿರಲಿಲ್ಲ. ವಿಜಿಎ ಇದ್ರೆ ಚಿತ್ರ ಬರುತ್ತೆ, ಅಷ್ಟೇ. ಟೈಪ್ ಸಿ ನೋಡೋಕೆ ಎಲ್ಲಾ ಒಂದೇ. ಒಂದರಲ್ಲಿ ಬರೀ ಡೇಟಾ, ಒಂದರಲ್ಲಿ ಚಾರ್ಜಿಂಗ್, ಒಂದರಲ್ಲಿ ಡಿಸ್‌ಪ್ಲೇಪೋರ್ಟ್ ಸಿಗ್ನಲ್, ಒಂದರಲ್ಲಿ ಇವೆಲ್ಲವೂ. ಅದೇ ಲ್ಯಾಪ್‌ಟಾಪ್‌ನ ಎಡಗಡೆ ಪೋರ್ಟ್‌ಗೆ ಹಾಕಿದ್ರೆ ಚಿತ್ರ ಬರುತ್ತೆ, ಬಲಗಡೆಗೆ ಹಾಕಿದ್ರೆ ಬರಲ್ಲ. ಸರ್ಕಾರದ ಬಿಐಎಸ್ 2023ರಲ್ಲಿ ಟೈಪ್ ಸಿ ಪ್ಲಗ್ ಮತ್ತು ಕೇಬಲ್‌ಗೆ ಭಾರತೀಯ ಮಾನಕ ಪ್ರಕಟಿಸಿತು, ಒಳ್ಳೇದೇ ಆಯ್ತು. ಆದರೆ ಬಾಯಿ ಒಂದೇ ಆಕಾರ ಆದ ಮಾತ್ರಕ್ಕೆ ಎಲ್ಲಾ ಪೋರ್ಟ್‌ಗಳ ಸಾಮರ್ಥ್ಯ ಒಂದೇ ಆಗೋದಿಲ್ಲ.

ಇದರ ಜೊತೆಗೆ ಹಬ್ ಬಂತು. ಡಿಸ್‌ಪ್ಲೇಪೋರ್ಟ್ ಸಿಗ್ನಲ್ ನಾಲ್ಕು ಲೇನ್‌ನಲ್ಲಿ ಓಡುತ್ತೆ, ನಮ್ಮ ಎನ್‌ಎಚ್ 66 ಥರ. ಟೈಪ್ ಸಿ ಹಬ್‌ಗೆ ಪೆನ್‌ಡ್ರೈವ್, ಹಾರ್ಡ್‌ಡಿಸ್ಕ್‌ಗೆ ಯುಎಸ್‌ಬಿ 3 ಸ್ಪೀಡೂ ಬೇಕು. ಹಾಗಾಗಿ ಎಷ್ಟೋ ಹಬ್‌ಗಳು ಎರಡು ಲೇನ್‌ನ ಡೇಟಾಕ್ಕೆ ಕೊಟ್ಟು, ಇನ್ನೆರಡರಲ್ಲಿ ಚಿತ್ರ ಕಳಿಸ್ತವೆ. ಮಳೆಗಾಲದಲ್ಲಿ ಒಂದು ಬದಿ ಬಂದ್ ಮಾಡಿ ಎರಡೂ ಕಡೆ ವಾಹನ ಒಂದೇ ಬದಿಯಲ್ಲಿ ಬಿಟ್ಟ ಹಾಗೆ. ಕಡಿಮೆ ರೇಟಿನ ಹಬ್‌ನ ಡಬ್ಬದಲ್ಲಿ "4ಕೆ ಎಚ್‌ಡಿಎಂಐ" ಅಂತ ದೊಡ್ಡದಾಗಿ ಇರುತ್ತೆ, ಪಕ್ಕದಲ್ಲಿ "30 ಹರ್ಟ್ಜ್" ಅಂತ ಸಾಸಿವೆ ಕಾಳಿನಷ್ಟು ಇರುತ್ತೆ.

ಈ ಸಾಸಿವೆ ಕಾಳಿನ ಬೆಲೆ ಎಷ್ಟು ಅಂತ ನಾನು ನಮ್ಮ ದೊಡ್ಡಪ್ಪನ ಮನೇಲಿ ನೋಡಿದ್ದೇನೆ. ದೊಡ್ಡಪ್ಪನ ಮಗ ಮದುವೆ ವಿಡಿಯೋ ಎಡಿಟಿಂಗ್ ಮಾಡ್ತಾನೆ. ಏಪ್ರಿಲ್, ಮೇನಲ್ಲಿ ಶೂಟಿಂಗ್, ಮಳೆಗಾಲ ಪೂರ್ತಿ ಎಡಿಟಿಂಗ್. ಅದೇ ಹೊತ್ತಿಗೆ, ಜೂನ್ 1ರಿಂದ ಜುಲೈ 31ರ ತನಕ 61 ದಿನ, ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ದೊಡ್ಡಪ್ಪನ ದುಡಿಮೆ ನಿಲ್ಲುತ್ತೆ, ಆ ಎರಡು ತಿಂಗಳು ಮನೆ ನಡೆಯೋದು ಇವನ ಎಡಿಟಿಂಗ್ ದುಡ್ಡಲ್ಲಿ. ಅಣ್ಣ ಒಂದು 4ಕೆ ಮಾನಿಟರ್ ತಂದ, ಲ್ಯಾಪ್‌ಟಾಪ್‌ಗೆ ಹಬ್ ಮೂಲಕ ಹಚ್ಚಿದ. ಮೌಸ್ ಎಳೆದ್ರೆ ಕರ್ಸರ್ ನೀರೊಳಗೆ ಈಜಿದ ಹಾಗೆ, ವಿಡಿಯೋ ಓಡಿಸಿದ್ರೆ ತಡವರಿಸೋದು. ಅಂಗಡಿಯಲ್ಲಿ ಕೇಳಿದಾಗ ಬಂದ ಉತ್ತರ: "ಲ್ಯಾಪ್‌ಟಾಪ್ ಹಳೇದಾಯ್ತು ಮಾರಾಯಾ, ಇದಕ್ಕೆ ಫೋರ್‌ಕೆ ತಡೆಯೂದಿಲ್ಲ. ಹೊಸಾದು ತಕೊ." ದೊಡ್ಡಪ್ಪ ಸಂಘದಲ್ಲಿ ಸಾಲ ಕೇಳೋ ಮಾತಾಡ್ತಿದ್ದರು.

ಲ್ಯಾಪ್‌ಟಾಪ್‌ಗೆ ಏನೂ ಆಗಿರಲಿಲ್ಲ. 4ಕೆ 30 ಹರ್ಟ್ಜ್‌ಗೆ ಬೇಕಾಗಿದ್ದು ಸುಮಾರು 6 ಗಿಗಾಬಿಟ್, ಆ ಹಬ್‌ನ ಎಚ್‌ಡಿಎಂಐ ಅಷ್ಟನ್ನೇ ದಾಟಿಸ್ತಿತ್ತು. 60ಕ್ಕೆ ಬೇಕಾದ 12 ಅದರಲ್ಲಿ ಹಿಡಿಸ್ತಿರಲಿಲ್ಲ. ಲ್ಯಾಪ್‌ಟಾಪ್‌ನ ಟೈಪ್ ಸಿ ಪೋರ್ಟ್ ಪಕ್ಕ ಡಿಸ್‌ಪ್ಲೇಪೋರ್ಟ್‌ನ ಗುರುತು, 'ಡಿ' ಒಳಗೆ 'ಪಿ' ಇರೋದು, ಕಂಡಿತು. ಟೈಪ್ ಸಿಯಿಂದ ಡಿಸ್‌ಪ್ಲೇಪೋರ್ಟ್‌ಗೆ ನೇರ ಕೇಬಲ್ ತರಿಸಿ ಹಾಕಿದಾಗ ನಾಲ್ಕೂ ಲೇನ್ ಸಿಕ್ಕಿತು, 60 ಹರ್ಟ್ಜ್ ಬಂತು. ಒಂದು ಕೇಬಲ್ ದುಡ್ಡಿನಲ್ಲಿ ಮುಗಿಯೋ ಕೆಲಸ ಒಂದು ಲ್ಯಾಪ್‌ಟಾಪ್ ಸಾಲಕ್ಕೆ ಹೋಗೋದಿತ್ತು. ದೊಡ್ಡಪ್ಪ ನನ್ನ ಕೇಳಿದ್ದು ಒಂದೇ ಮಾತು: "ಅಲ್ದಾ ತಮಾ, ಇಷ್ಟು ದೊಡ್ಡ ಡಬ್ಬಿ ಮೇಲೆ ಇದೊಂದು ಬರೆಯೂಕೆ ಜಾಗ ಇರ್ಲಿಲ್ವಾ ಅವರಿಗೆ?"

ನನ್ನ ಹತ್ರ ಉತ್ತರ ಇರಲಿಲ್ಲ, ಯಾಕಂದ್ರೆ ಪ್ರಶ್ನೆ ಸರಿ ಇತ್ತು. ಫ್ರಿಡ್ಜ್ ಮೇಲೆ ಸ್ಟಾರ್ ಇದೆ. ಎಷ್ಟು ಸ್ಟಾರ್ ಅಂದ್ರೆ ಎಷ್ಟು ಕರೆಂಟ್ ಉಳಿತಾಯ ಅಂತ ಶಾಲೆಗೆ ಹೋಗದ ನಮ್ಮ ಅಜ್ಜಿಗೂ ಗೊತ್ತು. ಆ ಲೇಬಲ್ 2006ರಿಂದ ಬಂದಿದ್ದು. ಅದು ಬರೋ ಮೊದಲು ಫ್ರಿಡ್ಜ್ ಎಷ್ಟು ಯೂನಿಟ್ ತಿನ್ನುತ್ತೆ ಅಂತ ಲೆಕ್ಕ ಹಾಕೋದು ಮನೆಯವರ ತಲೆನೋವಾಗಿತ್ತು. ಒಂದು ಲೇಬಲ್ ಆ ತಲೆನೋವನ್ನ ಕಂಪನಿ ತಲೆಗೆ ದಾಟಿಸ್ತು. ಪೋರ್ಟ್‌ಗೂ ಅಂಥದ್ದೇ ಒಂದು ಸಾಲು ಸಾಕು: "ಈ ಎಚ್‌ಡಿಎಂಐನಿಂದ 1080ಪಿ 144, 4ಕೆ 60 ತನಕ. ಎಡಗಡೆ ಟೈಪ್ ಸಿ: ಚಿತ್ರ ಬರುತ್ತೆ. ಬಲಗಡೆ: ಬರಲ್ಲ." ಡಬ್ಬದ ಮೇಲೆ, ಆನ್‌ಲೈನ್ ಪುಟದ ಮೇಲ್ಗಡೆ, ಇಷ್ಟೇ. ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಕೊಡೋ ಹಕ್ಕುಗಳಲ್ಲಿ ವಸ್ತುವಿನ ಗುಣಮಟ್ಟ, ಪ್ರಮಾಣ, ಸಾಮರ್ಥ್ಯ ತಿಳಿದುಕೊಳ್ಳೋ ಹಕ್ಕೂ ಇದೆ. ಪೋರ್ಟ್‌ನ ಸಾಮರ್ಥ್ಯ ಅದರಲ್ಲಿ ಬರದೇ ಇನ್ನೇನು?

ನಮ್ಮ ಬೇಲೆಕೇರಿ ಹೆಸರು ರಾಜ್ಯಕ್ಕೆಲ್ಲಾ ಗೊತ್ತಾಗಿದ್ದು 2010ರಲ್ಲಿ. ಜಪ್ತಿ ಮಾಡಿಟ್ಟಿದ್ದ ಲಕ್ಷಗಟ್ಟಲೆ ಟನ್ ಅದಿರು ಕಾಗದದಲ್ಲಿ ಇತ್ತು, ಬಂದರಿನಲ್ಲಿ ಇರಲಿಲ್ಲ. ಅಷ್ಟು ದೊಡ್ಡ ಹಗರಣಕ್ಕೆ ಒಂದು ಮಾನಿಟರ್‌ನ ಹೋಲಿಸೋದು ಸರಿಯಲ್ಲ, ಗೊತ್ತು. ಆದರೆ ಆ ಊರಲ್ಲಿ ಬೆಳೆದವನಿಗೆ ಒಂದು ಅಭ್ಯಾಸ ಬಂದುಬಿಟ್ಟಿದೆ: ಕಾಗದದ ಮೇಲಿನ ಸಂಖ್ಯೆ ಮತ್ತು ಜಾಗದಲ್ಲಿರೋ ಸಂಖ್ಯೆ ಎರಡನ್ನೂ ಕೇಳೋದು.

ಈಗ ಎದುರು ವಾದಗಳಿಗೆ ಬರೋಣ.

ಒಂದು: "ಕಣ್ಣಿಗೆ 24ರ ಮೇಲೆ ಕಾಣೋದೇ ಇಲ್ಲ, 144 ಎಲ್ಲಾ ದುಡ್ಡು ದಂಡ." ಇದು ತಪ್ಪು. 24 ಅನ್ನೋದು ಸಿನಿಮಾದ ಫ್ರೇಮ್ ಲೆಕ್ಕ, ಕಣ್ಣಿನ ಮಿತಿ ಅಲ್ಲ. ಹಳೇ ಪ್ರೊಜೆಕ್ಟರ್‌ಗಳಲ್ಲೂ ಒಂದೇ ಫ್ರೇಮನ್ನ ಎರಡು ಮೂರು ಸಲ ಮಿನುಗಿಸ್ತಿದ್ರು, ಇಲ್ಲಾಂದ್ರೆ ಕಣ್ಣಿಗೆ ಹೊಡೀತಿತ್ತು. ನೀವೇ ಪರೀಕ್ಷೆ ಮಾಡಿ. ಕರ್ಸರ್‌ನ ಪರದೆಯ ಎಡದಿಂದ ಬಲಕ್ಕೆ ಅರ್ಧ ಸೆಕೆಂಡಲ್ಲಿ ಎಳೀರಿ. 60 ಹರ್ಟ್ಜ್‌ನಲ್ಲಿ ಅದು 30 ಕಡೆ ಕಾಣುತ್ತೆ, ಒಂದರಿಂದ ಒಂದಕ್ಕೆ 64 ಪಿಕ್ಸೆಲ್ ಹಾರಿಕೆ. 144ರಲ್ಲಿ 72 ಕಡೆ ಕಾಣುತ್ತೆ, ಹಾರಿಕೆ 27 ಪಿಕ್ಸೆಲ್. ಉದ್ದದ ಕೋಡ್ ಸ್ಕ್ರೋಲ್ ಮಾಡುವಾಗ ಈ ವ್ಯತ್ಯಾಸ ಯಾರಿಗಾದ್ರೂ ಕಾಣುತ್ತೆ.

ಎರಡು: "ಹಾಗಾದ್ರೆ 240ನ್ನೇ ತಗೊಳ್ಳೋಣ." ಇದೂ ಅವಸರ. 60ರಲ್ಲಿ ಒಂದು ಫ್ರೇಮ್‌ಗೆ 16.7 ಮಿಲಿಸೆಕೆಂಡ್, 144ರಲ್ಲಿ 6.9, 240ರಲ್ಲಿ 4.2. ಮೊದಲ ಜಿಗಿತದಲ್ಲಿ ಉಳಿಯೋದು ಸುಮಾರು 10 ಮಿಲಿಸೆಕೆಂಡ್, ಎರಡನೇದರಲ್ಲಿ 3ಕ್ಕಿಂತ ಕಡಿಮೆ. ಮೇಲಾಗಿ ಲ್ಯಾಪ್‌ಟಾಪ್‌ನ ಗ್ರಾಫಿಕ್ಸ್ ಅಷ್ಟು ಫ್ರೇಮ್ ಹುಟ್ಟಿಸಬೇಕಲ್ಲ? ಎಷ್ಟೋ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಎರಡು ಗ್ರಾಫಿಕ್ಸ್ ಇರುತ್ತೆ. ಪೋರ್ಟ್ ಸಣ್ಣದಕ್ಕೆ ಜೋಡಿಸಿದ್ದರೆ ದೊಡ್ಡ ಕಾರ್ಡ್ ಬಿಡಿಸಿದ ಪ್ರತಿ ಫ್ರೇಮ್ ಸಣ್ಣದರ ಮೂಲಕ ಕಾಪಿ ಆಗಿ ಹೊರಗೆ ಹೋಗಬೇಕು, ಅಲ್ಲಿ ಸ್ವಲ್ಪ ಸೋರಿಕೆ. ಯಾವ ಪೋರ್ಟ್ ಯಾವುದಕ್ಕೆ ಜೋಡಿಸಿದೆ ಅನ್ನೋದೂ ಡಬ್ಬದ ಮೇಲೆ ಇರಲ್ಲ. ಚಾರ್ಜರ್ ಕಿತ್ತರೆ ಗ್ರಾಫಿಕ್ಸ್ ಇನ್ನೂ ಇಳಿಯುತ್ತೆ. ಬರೀ ಕೋಡಿಂಗ್, ಓದು ಅನ್ನೋರಿಗೆ ನನ್ನ ಮಾತು ಕೇಳಿದ್ರೆ, ಹರ್ಟ್ಜ್‌ಗೆ ಕೊಡೋ ಹೆಚ್ಚಿನ ದುಡ್ಡನ್ನ ರೆಸಲ್ಯೂಶನ್‌ಗೆ ಕೊಡಿ, ಅಕ್ಷರ ಚೊಕ್ಕ ಕಾಣುತ್ತೆ.

ಮೂರು: "ಇದೆಲ್ಲಾ ದುಡ್ಡಿರೋರ ಸಮಸ್ಯೆ." ಉಲ್ಟಾ. ದುಡ್ಡಿರೋನು ಒಂದು ಸರಿ ಬರಲಿಲ್ಲ ಅಂದ್ರೆ ಇನ್ನೊಂದು ತರ್ತಾನೆ. ಇಂಟರ್ನ್‌ಶಿಪ್ ಸ್ಟೈಪೆಂಡ್ ಉಳಿಸಿ ಒಂದೇ ಸಲ ಕೊಳ್ಳೋನು ಸಿಕ್ಕಿದ್ರಲ್ಲೇ ಇರಬೇಕು. ಬೆಂಗಳೂರಲ್ಲಿ ಅಂಗಡಿಗೆ ಹೋಗಿ ಹಚ್ಚಿ ನೋಡಿ ತರಬಹುದು. ನಮ್ಮ ಕಡೆ ಬೇಕಾದ ಮಾಡೆಲ್ ಸಿಗದೇ ಆನ್‌ಲೈನ್ ತರಿಸ್ತೇವೆ, ಇಲ್ಲಾ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗ್ತೇವೆ. ಆ ಡಬ್ಬ ಹೊತ್ತುಕೊಂಡು ಇನ್ನೊಂದು ಸಲ ಘಟ್ಟ ಹತ್ತೋರು ಯಾರು?

ನಾಲ್ಕು: "ಗೂಗಲ್ ಮಾಡಿದ್ರೆ ಎಲ್ಲಾ ಸಿಗುತ್ತಲ್ಲ." ನನಗೆ ಸಿಗುತ್ತೆ. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ, ಈ ಲೇಖನ ಬರೆಯೋಕೇ ಎರಡು ಸಲ ಒತ್ತಕ್ಷರ ಕೇಳಿದ್ದೇನೆ. ಆದರೆ ಅಣ್ಣ ಓದಿದ್ದು ಊರಿನ ಕನ್ನಡ ಶಾಲೇಲಿ. ಅವನಿಗೆ ಎಡಿಟಿಂಗ್‌ನಲ್ಲಿ ಇರೋ ಕೈಚಳಕ ನನಗೆ ಏಳು ಜನ್ಮಕ್ಕೂ ಬರಲ್ಲ. ಅವನಿಗೆ ತಿಳೀದೇ ಇದ್ದಿದ್ದು ಬುದ್ಧಿ ಇಲ್ಲದ್ದಕ್ಕಲ್ಲ, ಆ ಲೆಕ್ಕ ಅವನ ಭಾಷೇಲಿ ಎಲ್ಲೂ ಕಣ್ಣಿಗೆ ಬಿದ್ದಿರಲಿಲ್ಲ ಅನ್ನೋದಕ್ಕೆ. ಮಾನಿಟರ್‌ಗೆ ದುಡ್ಡು ಕೊಡೋದು ನಮ್ಮ ಅಪ್ಪ ಅಮ್ಮ, ಅವರಲ್ಲಿ ಎಷ್ಟು ಜನ ಇಂಗ್ಲಿಷ್ ಡೇಟಾಶೀಟ್ ಓದ್ತಾರೆ? ಬ್ಯಾಂಡ್‌ವಿಡ್ತ್‌ಗೆ ಹೊಸ ಕನ್ನಡ ಪದ ಹುಟ್ಟಿಸಬೇಕು ಅಂತ ನಾನು ಹೇಳ್ತಿಲ್ಲ. ಪದ ಹಾಗೇ ಇರಲಿ, ವಿವರಣೆ ಕನ್ನಡದಲ್ಲಿ ಬರಲಿ.

ಅದಕ್ಕೆ ನಮ್ಮ ಕನ್ನಡ ಬಳಗಕ್ಕೆ ನನ್ನದೊಂದು ಸಲಹೆ. ರಾಜ್ಯೋತ್ಸವಕ್ಕೆ ಹಾಡು, ಕುಣಿತ, ರಂಗೋಲಿ ಇರಲಿ, ನಾನೂ ಬರ್ತೀನಿ. ಅದರ ಜೊತೆ ಒಂದು ಸಂಜೆ ಒಂದು ಗಂಟೆ ಇಡೋಣ. ಎಲ್ಲರೂ ಲ್ಯಾಪ್‌ಟಾಪ್ ತರಲಿ. ಮಾಡೆಲ್ ಹೆಸರು, ಯಾವ ಪೋರ್ಟ್, ಯಾವ ಕೇಬಲ್, ಎಷ್ಟು ಹರ್ಟ್ಜ್ ಬಂತು ಅಂತ ನೋಡಿ ಒಂದು ಪಟ್ಟಿ ಮಾಡೋಣ, ಇದೇ ಪತ್ರಿಕೆಯಲ್ಲಿ ಕನ್ನಡದಲ್ಲಿ ಹಾಕೋಣ. ಮುಂದಿನ ವರ್ಷ ಬರೋ ಜೂನಿಯರ್ ಆ ಪಟ್ಟಿ ನೋಡಿ ಕೊಳ್ಳಲಿ. ಇಸಿಇ ಗೆಳೆಯರು ಲೇನ್, ಎನ್‌ಕೋಡಿಂಗ್ ವಿವರಿಸಲಿ, ಸಿಎಸ್‌ನವರು ಡ್ರೈವರ್ ಸೆಟ್ಟಿಂಗ್ ನೋಡಿಕೊಳ್ಳಲಿ. ಇದಕ್ಕೆ ಬಜೆಟ್ ಬೇಡ, ಪ್ರಿನ್ಸಿಪಾಲರ ಪರ್ಮಿಶನ್ ಲೆಟರ್ ಒಂದು ಸಾಕು.

ಅಲ್ಲಿಯ ತನಕ, ಕೊಳ್ಳೋ ಮೊದಲು ಅಂಗಡಿಯಲ್ಲೋ ಆನ್‌ಲೈನ್‌ನಲ್ಲೋ ಮೂರು ಪ್ರಶ್ನೆ ಕೇಳಿ. ನನ್ನ ಲ್ಯಾಪ್‌ಟಾಪ್‌ನ ಈ ಪೋರ್ಟ್ ಎಷ್ಟು ಹರ್ಟ್ಜ್ ತನಕ ಕೊಡುತ್ತೆ? ಮಾನಿಟರ್‌ನ ಯಾವ ಪೋರ್ಟ್‌ನಲ್ಲಿ ಪೂರ್ತಿ ಹರ್ಟ್ಜ್ ಬರುತ್ತೆ? ನಡುವಿನ ಕೇಬಲ್ ಅಥವಾ ಹಬ್ ಅಷ್ಟನ್ನ ದಾಟಿಸುತ್ತಾ? ಮೂರರಲ್ಲಿ ಯಾವುದು ಕಡಿಮೆಯೋ ಅದೇ ನಿಮಗೆ ಸಿಗೋದು. ತಂದ ದಿನವೇ ಸೆಟ್ಟಿಂಗ್ಸ್‌ನಲ್ಲಿ ಹರ್ಟ್ಜ್ ಬದಲಿಸಿ ನೋಡಿ, ವಿಂಡೋಸ್ ಎಷ್ಟೋ ಸಲ ತಾನಾಗೇ 60ರಲ್ಲಿ ಕೂತಿರುತ್ತೆ. ಎರಡೂ ಪರದೆಗೆ ಒಂದೇ ಚಿತ್ರ ಹಾಕೋ ಡುಪ್ಲಿಕೇಟ್ ಮೋಡ್ ಬೇಡ, ಎಕ್ಸ್‌ಟೆಂಡ್ ಇಡಿ, ಇಲ್ಲಾಂದ್ರೆ ನಿಧಾನದ ಪರದೆ ವೇಗದ್ದನ್ನೂ ಕೆಳಗೆ ಎಳೆಯಬಹುದು. ಹೇಳಿದ್ದು ಬರದೇ ಇದ್ರೆ ವಾಪಸ್ ಕೊಡೋ ಗಡುವು ಮುಗಿಯೋ ಮೊದಲೇ ಬರೆದು ಕೇಳಿ. ಉತ್ತರ ಬರದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಕೇಳೋರು ಒಬ್ಬಿಬ್ಬರಾದ್ರೆ ಅಂಗಡಿಯವರು "ಹೊಸಾದು ತಕೊ" ಅಂತಾರೆ. ಒಂದು ಕ್ಯಾಂಪಸ್ ಪೂರ್ತಿ ಅದೇ ಮೂರು ಪ್ರಶ್ನೆ ಕೇಳೋಕೆ ಶುರು ಮಾಡಿದ್ರೆ, ಉತ್ತರ ಡಬ್ಬದ ಮೇಲೆ ಬರೆಯೋದೇ ಅವರಿಗೂ ಸುಲಭ ಆಗುತ್ತೆ.